ಡಿಕ್ಕಿಯಲ್ಲಿ ಬ್ಯಾಟರಿ, ಮಡಿಲಲ್ಲಿ ಬ್ಯಾಟು

ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2022ರಿಂದೀಚೆಗೆ ಒಂದೇ ಕಾರು ಎರಡು ಹೆಸರು ಹೊತ್ತು ಹೊರಬರುತ್ತಿದೆ. ಟೊಯೋಟಾ ಲಾಂಛನ ಇದ್ದರೆ ಅದು ಅರ್ಬನ್ ಕ್ರೂಸರ್ ಹೈರೈಡರ್, ಮಾರುತಿ ಲಾಂಛನ ಇದ್ದರೆ ಗ್ರ್ಯಾಂಡ್ ವಿಟಾರಾ. ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಮ್ಯಾನ್ಯುಯಲ್ ಗೇರಿನ ಮೈಲ್ಡ್ ಹೈಬ್ರಿಡ್ ಮಾದರಿ 21.11ಕ್ಕೆ ನಿಲ್ಲುತ್ತದೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಈ ಅಂಕಿಗಳ ಮೇಲೆ. ಆದರೆ ಅದೇ ಗ್ರ್ಯಾಂಡ್ ವಿಟಾರಾದ ಡಿಕ್ಕಿ ಮೈಲ್ಡ್ ಹೈಬ್ರಿಡ್‌ನಲ್ಲಿ 373 ಲೀಟರ್ ಇದ್ದದ್ದು ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 265ಕ್ಕೆ ಇಳಿಯುತ್ತದೆ. ಹೋಂಡಾ ಸಿಟಿಯಲ್ಲಿ ಇಳಿತ ಇನ್ನೂ ದೊಡ್ಡದು: ಪೆಟ್ರೋಲ್ ಸಿಟಿಯ ಡಿಕ್ಕಿ 506 ಲೀಟರ್, ಹೈಬ್ರಿಡ್ ಸಿಟಿಯದ್ದು 306. ಮೈಲೇಜನ್ನು ಏರಿಸಿದ ಬ್ಯಾಟರಿಯೇ ಎರಡೂ ಕಡೆ ಡಿಕ್ಕಿಯನ್ನು ನುಂಗಿದೆ. ಒಬ್ಬಿಬ್ಬರು ಕಚೇರಿಗೆ ಹೋಗಿಬರುವ ಮನೆಗೆ ಇದರಿಂದ ತೊಂದರೆಯೇನಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಇಬ್ಬರು ಮಕ್ಕಳನ್ನೂ ಅವರ ಕಿಟ್ ಬ್ಯಾಗುಗಳನ್ನೂ ಮೈದಾನಕ್ಕೆ ಮುಟ್ಟಿಸಬೇಕಾದ ಮನೆಗೆ ಮಾತ್ರ ಇದು ದೊಡ್ಡ ವಿಷಯ. ಅಂಥ ಮನೆಯವರು ಮೈಲೇಜ್ ಎಷ್ಟು ಎಂದು ಕೇಳುವ ಮೊದಲು ಬ್ಯಾಟರಿ ಎಲ್ಲಿದೆ ಎಂದು ಕೇಳಬೇಕು ಎಂಬುದು ನನ್ನ ವಾದ. ಮೈಲೇಜು, ಜಾಗ ಇವೆರಡೂ ಬೇರೆ ಬೇರೆ ಲೆಕ್ಕವೆಂದು ನಾವು ತಿಳಿದಿದ್ದೇವೆ. ಹೈಬ್ರಿಡ್ ಕಾರಿನಲ್ಲಿ ಅವು ಒಂದೇ ಲೆಕ್ಕದ ಜಮೆ ಮತ್ತು ಖರ್ಚು.

ಹೈಬ್ರಿಡ್ ಕಾರು ಇಂಧನ ಉಳಿಸುವುದು ಹೇಗೆಂದು ಮೊದಲು ತಿಳಿಯೋಣ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಓಟದ ಶಕ್ತಿ ಬ್ರೇಕಿನ ತಟ್ಟೆಗಳಲ್ಲಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಆ ಹೊತ್ತಿಗೆ ಮೋಟಾರು ಡೈನಮೋ ಆಗಿ ತಿರುಗುತ್ತದೆ, ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಆರುತ್ತದೆ, ಹಸಿರು ಬಂದಾಗ ಕಾರು ಆ ಕೂಡಿಟ್ಟ ವಿದ್ಯುತ್ತಿನಲ್ಲೇ ಹೊರಡುತ್ತದೆ. ಎಂಜಿನ್ನಿನ ಕೆಲಸದ ರೀತಿಯೂ ಬೇರೆ. ಅಟ್ಕಿನ್‌ಸನ್ ಸೈಕಲ್ ಎಂಬ ಈ ಬಗೆಯಲ್ಲಿ ಗಾಳಿ ಒಳಬರುವ ಕವಾಟ ತುಸು ತಡವಾಗಿ ಮುಚ್ಚುತ್ತದೆ. ಅದರಿಂದ ಒಂದೊಂದು ಹನಿ ಪೆಟ್ರೋಲೂ ಹೆಚ್ಚು ಕೆಲಸ ಮಾಡುತ್ತದೆ, ಆದರೆ ಎಂಜಿನ್ನಿನ ಎಳೆತ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ. ಹಾಗಾಗಿ ನಿಂತು ನಿಂತು ಸಾಗುವ ರಸ್ತೆಯೇ ಹೈಬ್ರಿಡ್‌ಗೆ ಲಾಭದ ರಸ್ತೆ. ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು 2024ರಲ್ಲಿ ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಯಿತು ಎಂದು ಟಾಮ್‌ಟಾಮ್ ಸಂಸ್ಥೆಯ ವರದಿ ಹೇಳುತ್ತದೆ. ಗಂಟೆಗೆ ಹದಿನೆಂಟು ಕಿಲೋಮೀಟರೂ ಇಲ್ಲದ ಆ ವೇಗದಲ್ಲಿ ಪೆಟ್ರೋಲ್ ಕಾರು ಸುಮ್ಮನೆ ನಿಂತು ಇಂಧನ ಸುಡುತ್ತಿರುತ್ತದೆ. ಅದೇ ಮಾತನ್ನು ತಿರುಗಿಸಿದರೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ಸಮನೆ ಓಡುವ ಹೆದ್ದಾರಿಯಲ್ಲಿ ಹೈಬ್ರಿಡ್‌ನ ಹೆಚ್ಚುಗಾರಿಕೆ ಬಹಳಷ್ಟು ಕರಗುತ್ತದೆ. ಇನ್ನು ಮೈಲ್ಡ್ ಹೈಬ್ರಿಡ್ ಎನ್ನುವುದು ಎಂಜಿನ್ನಿಗೆ ಚಿಕ್ಕ ಮೋಟಾರಿನಿಂದ ಒಂದಿಷ್ಟು ಕೈಜೋಡಿಸುವ ಏರ್ಪಾಡು ಮಾತ್ರ. ಬರೀ ವಿದ್ಯುತ್ತಿನಲ್ಲಿ ಕಾರನ್ನು ಓಡಿಸುವ ಶಕ್ತಿ ಅದಕ್ಕಿಲ್ಲ. ಹೆಸರಿನಲ್ಲಿ ಹೈಬ್ರಿಡ್ ಇದೆಯೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಷ್ಟೆಲ್ಲ ಮಾಡುವ ಬ್ಯಾಟರಿ ಗಾತ್ರದಲ್ಲಿ ದೊಡ್ಡದೇನೂ ಅಲ್ಲ. ಹೈರೈಡರ್‌ನ ಲಿಥಿಯಂ ಅಯಾನ್ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವ್ಯಾಟ್ ಅವರ್, ಅಂದರೆ ಮನೆಯ ಮೀಟರಿನಲ್ಲಿ ಒಂದು ಯೂನಿಟ್ಟಿಗೂ ಕಡಿಮೆ. ಚಾರ್ಮಾಡಿ ಘಾಟಿ ಇಳಿಯುವಾಗ ಇಂಥ ಬ್ಯಾಟರಿ ಇಳಿಜಾರು ಮುಗಿಯುವ ಮುನ್ನವೇ ತುಂಬಿಬಿಡಬಹುದು. ಇಷ್ಟು ಸಣ್ಣದು ನೂರು ಲೀಟರ್ ಜಾಗ ತಿನ್ನುವುದೇಕೆ? ಪೆಟ್ರೋಲ್ ಮಾದರಿಗೂ ಹೈಬ್ರಿಡ್ ಮಾದರಿಗೂ ಒಂದೇ ಮೈಕಟ್ಟು ಹಂಚಿದಾಗ ಬ್ಯಾಟರಿಗೆ ಉಳಿಯುವ ಜಾಗ ಡಿಕ್ಕಿಯ ನೆಲವೇ ಆಗಿರುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಪ್ರಿಯಸ್‌ನಲ್ಲೂ ಬ್ಯಾಟರಿ ಕೂತದ್ದು ಹಿಂದಿನ ಸೀಟಿನ ಬೆನ್ನಿಗೆ. ನಾಲ್ಕನೇ ತಲೆಮಾರಿನ ಪ್ರಿಯಸ್ ಬರುವ ಹೊತ್ತಿಗೆ ಟೊಯೋಟಾ ಅದನ್ನು ಹಿಂದಿನ ಸೀಟಿನ ಅಡಿಗೆ ಸರಿಸಿತು, ಡಿಕ್ಕಿ ಹಿಗ್ಗಿತು. ಬಿಡದಿಯಲ್ಲೇ ತಯಾರಾಗಿ 2022ರ ಕೊನೆಗೆ ಮಾರುಕಟ್ಟೆಗೆ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಬ್ಯಾಟರಿ ಮುಂದಿನ ಸೀಟುಗಳ ಕೆಳಗಿದೆ. ಹಾಗಾಗಿ ಅದರ ಹೈಬ್ರಿಡ್ ಮಾದರಿ ಡಿಕ್ಕಿಯ ಜಾಗವನ್ನು ಒತ್ತೆಯಿಟ್ಟು ಮೈಲೇಜ್ ಗಳಿಸಿದ್ದಲ್ಲ. ಮೊದಲ ದಿನದಿಂದಲೇ ಹೈಬ್ರಿಡ್ ಎಂದು ಯೋಚಿಸಿ ಕಟ್ಟಿದ ಕಾರಿಗೂ ಆಮೇಲೆ ಬ್ಯಾಟರಿಗೆ ಜಾಗ ಹುಡುಕಿದ ಕಾರಿಗೂ ಇರುವ ಅಂತರ ಹಿಂದಿನ ಬಾಗಿಲು ಎತ್ತಿದಾಗ ಕಣ್ಣಿಗೆ ಕಾಣುತ್ತದೆ.

ಡಿಕ್ಕಿಯ ಲೀಟರ್ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಕ್ರಿಕೆಟ್ಟಿನ ನಿಯಮದ ಪ್ರಕಾರ ಬ್ಯಾಟು 38 ಇಂಚಿಗಿಂತ, ಅಂದರೆ ಸುಮಾರು 96.5 ಸೆಂಟಿಮೀಟರಿಗಿಂತ ಉದ್ದ ಇರಬಾರದು. ಅದು ಒಳಗೆ ಕೂರುವಂಥ ಕಿಟ್ ಬ್ಯಾಗ್ ಒಂದು ಮೀಟರ್ ಉದ್ದ, 35 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ ಎಂದು ಹಿಡಿಯಿರಿ. ಅದರ ಗಾತ್ರ 122.5 ಲೀಟರ್, ಎರಡು ಬ್ಯಾಗಿಗೆ 245. ಕಾಗದದ ಮೇಲೆ 265 ಲೀಟರಿನ ಡಿಕ್ಕಿಯಲ್ಲಿ ಎರಡೂ ಹಿಡಿದು ಇನ್ನೂ ಇಪ್ಪತ್ತು ಲೀಟರ್ ಮಿಗಬೇಕು. ಆದರೆ ಒಂದು ಮೀಟರ್ ಅಗಲ, 66 ಸೆಂಟಿಮೀಟರ್ ಆಳ, 40 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯ ಗಾತ್ರವೂ ಸುಮಾರು 264 ಲೀಟರೇ. ಆ ಪೆಟ್ಟಿಗೆಯಲ್ಲಿ ಎರಡು ಬ್ಯಾಗನ್ನು ಪಕ್ಕಪಕ್ಕ ಇಡಲು 70 ಸೆಂಟಿಮೀಟರ್ ಆಳ ಬೇಕು, ಇರುವುದು 66. ಒಂದರ ಮೇಲೊಂದು ಇಡಲು 70 ಎತ್ತರ ಬೇಕು, ಇರುವುದು 40. ನಿಜವಾದ ಡಿಕ್ಕಿ ಹೀಗೆ ಚೌಕ ಪೆಟ್ಟಿಗೆಯಾಗಿರುವುದೂ ಇಲ್ಲ, ಚಕ್ರದ ಗುಮ್ಮಟಗಳು ಎರಡೂ ಬದಿಯಿಂದ ಒಳಕ್ಕೆ ಚಾಚಿಕೊಂಡಿರುತ್ತವೆ. ಬಟ್ಟೆಯ ಬ್ಯಾಗನ್ನು ಒತ್ತಿ ಕೂರಿಸಬಹುದು ಎಂದರೆ ಸರಿ, ಆದರೆ ಒಳಗಿನ ಹೆಲ್ಮೆಟ್ಟು, ಪ್ಯಾಡು, ಬ್ಯಾಟು ಒತ್ತಿಸಿಕೊಳ್ಳುವ ಸಾಮಾನುಗಳಲ್ಲ. ಹಾಕಿ ಸ್ಟಿಕ್ಕಿಗೆ ನಿಯಮ ಒಪ್ಪುವ ಗರಿಷ್ಠ ಉದ್ದ 105 ಸೆಂಟಿಮೀಟರ್. 1997ರಿಂದ ನಡೆದುಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಒಂದೇ ಮನೆಯ ನಾಲ್ವರು ಆಟಗಾರರು ಒಂದೇ ಕಾರಿನಲ್ಲಿ ಹೊರಟರೆ ಅಲ್ಲಿ ಬೇಕಾಗುವುದು ಲೀಟರ್ ಅಲ್ಲ, ಉದ್ದ. ಬ್ಯಾಡ್ಮಿಂಟನ್ ಆಡುವವರಿಗೆ ಈ ಚಿಂತೆಯೇ ಇಲ್ಲ. ರಾಕೆಟ್ಟಿನ ಗರಿಷ್ಠ ಉದ್ದ 68 ಸೆಂಟಿಮೀಟರ್, ಹೈಬ್ರಿಡ್ ಸಿಟಿಯ 306 ಲೀಟರಿನ ಡಿಕ್ಕಿ ಅವರಿಗೆ ಧಾರಾಳ. ಹೀಗಿರುವಾಗ ಆಟ ಯಾವುದೆಂದು ಹೇಳದೆ ಜಾಗ ಸಾಕೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಅಂಕಿಗಳನ್ನು ಒಂದರ ಪಕ್ಕ ಇನ್ನೊಂದಿಟ್ಟು ಹೋಲಿಸುವುದೂ ಕಷ್ಟವೇ. ಹೈಕ್ರಾಸ್‌ಗೆ ಮೂರನೇ ಸಾಲಿನ ಸೀಟು ನಿಂತಾಗ 300 ಲೀಟರ್, ಮಡಚಿದಾಗ 991 ಲೀಟರ್ ಎನ್ನುತ್ತಾರೆ. ಮಾರುತಿ 2023ರಲ್ಲಿ ತಂದ ಇನ್ವಿಕ್ಟೊ ಹೆಚ್ಚುಕಡಿಮೆ ಇದೇ ಕಾರು, ಅದೂ ಬಿಡದಿಯಲ್ಲೇ ತಯಾರಾಗುವುದು. ಅದಕ್ಕೆ ಹೇಳುವ ಅಂಕಿ 239 ಮತ್ತು 690. ತಗಡು ಒಂದೇ, ಬಾಗಿಲು ಒಂದೇ, ಆದರೂ ಮುನ್ನೂರು ಲೀಟರ್ ವ್ಯತ್ಯಾಸ. ಅಳೆಯುವ ಕ್ರಮ ಒಂದೇ ಆಗಿಲ್ಲದಿದ್ದರೆ ಹೀಗೇ ಆಗುವುದು. ಸೀಟಿನ ಬೆನ್ನಿನವರೆಗೆ ಅಳೆದರೆ ಒಂದು ಅಂಕಿ, ಚಾವಣಿಯವರೆಗೆ ಅಳೆದರೆ ಇನ್ನೊಂದು. ಜರ್ಮನಿಯ ಪದ್ಧತಿಯಲ್ಲಿ 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ಒಂದು ಲೀಟರ್ ಅಚ್ಚುಗಳನ್ನು ಜೋಡಿಸಿ ಎಣಿಸುತ್ತಾರೆ, ಹಾಗಾಗಿ ಸಂದುಗೊಂದುಗಳು ಲೆಕ್ಕಕ್ಕೆ ಬರುವುದಿಲ್ಲ. ಎರಡು ಕಂಪನಿಗಳ ಕರಪತ್ರ ಹಿಡಿದು ಐವತ್ತು ಲೀಟರಿನ ಹೆಚ್ಚುಕಡಿಮೆಗೆ ತಲೆಕೆಡಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಮೈಲೇಜಿನ ಅಂಕಿಯೂ ಇದೇ ಬಗೆಯಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಇದನ್ನು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಒಂದು ಲೀಟರಿಗೆ ಎಷ್ಟು ದೂರ ಎಂದು ಕೇಳುವ ಬದಲು ಇಷ್ಟು ದೂರಕ್ಕೆ ಎಷ್ಟು ಲೀಟರ್ ಎಂದು ಕೇಳಿದರೆ ಚಿತ್ರವೇ ಬದಲಾಗುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್, ವರ್ಷಕ್ಕೆ 12,000 ಎಂದುಕೊಳ್ಳೋಣ. ಮೈಲ್ಡ್ ಹೈಬ್ರಿಡ್ ಗ್ರ್ಯಾಂಡ್ ವಿಟಾರಾ ಕಂಪನಿಯ ಅಂಕಿಯಂತೆ 568 ಲೀಟರ್ ಕುಡಿಯುತ್ತದೆ, ಸ್ಟ್ರಾಂಗ್ ಹೈಬ್ರಿಡ್ 429. ಉಳಿತಾಯ ಸುಮಾರು 140 ಲೀಟರ್. ಹೈಬ್ರಿಡ್ ಅಲ್ಲದ ಹೈಕ್ರಾಸ್‌ನ ಮೈಲೇಜ್ 16.13, ಅದಕ್ಕೆ 744 ಲೀಟರ್ ಬೇಕು. ಹೈಬ್ರಿಡ್ ಹೈಕ್ರಾಸ್‌ನದ್ದು 23.24, ಅದಕ್ಕೆ 516 ಸಾಕು. ಇಲ್ಲಿ ಉಳಿತಾಯ ಸುಮಾರು 228 ಲೀಟರ್. ಇಪ್ಪತ್ತೆಂಟರ ಹತ್ತಿರದ ಅಂಕಿ ಇಪ್ಪತ್ತಮೂರಕ್ಕಿಂತ ಆಕರ್ಷಕವಾಗಿ ಕಂಡರೂ ಹೈಬ್ರಿಡ್ ತಂತ್ರ ಹೆಚ್ಚು ಪೆಟ್ರೋಲ್ ಉಳಿಸಿದ್ದು ದೊಡ್ಡ ಕಾರಿನಲ್ಲಿ. ಇದಕ್ಕಿಂತ ಅಚ್ಚರಿಯ ಸಂಗತಿ ಎಂದರೆ, ಈ ಅಂಕಿಗಳನ್ನು ನಂಬಿದರೆ, ಮೂರು ಸಾಲು ಸೀಟಿನ ಹೈಬ್ರಿಡ್ ಹೈಕ್ರಾಸ್ ವರ್ಷಕ್ಕೆ ಕುಡಿಯುವ ಪೆಟ್ರೋಲು ಐದು ಸೀಟಿನ ಮೈಲ್ಡ್ ಹೈಬ್ರಿಡ್ ಗ್ರ್ಯಾಂಡ್ ವಿಟಾರಾ ಕುಡಿಯುವುದಕ್ಕಿಂತ ಕಡಿಮೆ. ಜಾಗ ಬೇಕಾದವರು ಮೈಲೇಜ್ ಬಿಡಲೇಬೇಕು ಎಂಬ ಹಳೆಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಎಲ್ಲರೂ ದೊಡ್ಡ ಹೈಬ್ರಿಡ್ ಕೊಳ್ಳಬೇಕೇ ಎಂದರೆ, ಇಲ್ಲ. ಪೆಟ್ರೋಲನ್ನು ಲೀಟರಿಗೆ ನೂರು ರೂಪಾಯಿ ಎಂದು ಸುಲಭವಾಗಿ ಹಿಡಿದರೆ 140 ಲೀಟರಿನ ಉಳಿತಾಯ ವರ್ಷಕ್ಕೆ 14,000 ರೂಪಾಯಿ. ಹೈಬ್ರಿಡ್‌ಗೆಂದು ಹೆಚ್ಚು ಕೊಟ್ಟ ಒಂದೊಂದು ಲಕ್ಷವೂ ಮರಳಿ ಕೈಸೇರಲು ಏಳು ವರ್ಷ ಬೇಕು. ದೊಡ್ಡ ಕಾರಿನಲ್ಲಿ ಅದು ನಾಲ್ಕೂವರೆ ವರ್ಷಕ್ಕೆ ಇಳಿಯುತ್ತದೆ ನಿಜ, ಆದರೆ ಆ ಕಾರಿನ ಬೆಲೆಯೇ ಇನ್ನೊಂದು ಎತ್ತರದಲ್ಲಿದೆ. 4,755 ಮಿಲಿಮೀಟರ್ ಉದ್ದದ ವಾಹನಕ್ಕೆ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಜಾಗ ಹುಡುಕುವ ಕಷ್ಟ ಬೇರೆ. ತೆರಿಗೆಯಿಂದಲೂ ದೊಡ್ಡ ನೆರವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಹೈಬ್ರಿಡ್ ಕಾರುಗಳ ಒಟ್ಟು ತೆರಿಗೆ ಶೇಕಡಾ 43ರಿಂದ 40ಕ್ಕೆ ಇಳಿದಿದೆ, ಆದರೆ ಅದೇ ದರ ಅಷ್ಟೇ ದೊಡ್ಡ ಪೆಟ್ರೋಲ್ ಕಾರಿಗೂ ಇದೆ, ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇಕಡಾ 5. ಹಣ ಉಳಿಸಲೆಂದೇ ಹೈಬ್ರಿಡ್ ಕೊಳ್ಳುವವರು ತಮ್ಮ ಓಡಾಟವನ್ನು ಮೊದಲು ಎಣಿಸಲಿ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಊರೊಳಗೇ ಸುತ್ತುವ ಮನೆಗೆ ಲೆಕ್ಕ ಕೂಡುತ್ತದೆ. ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವವರಿಗೆ ಕೂಡುವುದಿಲ್ಲ. ಪರೀಕ್ಷಾಲಯದ ಮೈಲೇಜು ರಸ್ತೆಯಲ್ಲಿ ಯಾವ ಕಾರಿಗೂ ಸಿಗದು, ಆದರೆ ನಿಂತು ಹೊರಡುವ ರಸ್ತೆಯಲ್ಲಿ ಪೆಟ್ರೋಲ್ ಕಾರಿನ ಇಳಿತ ಹೈಬ್ರಿಡ್‌ನದ್ದಕ್ಕಿಂತ ಹೆಚ್ಚು ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಸಣ್ಣ ಹೈಬ್ರಿಡ್ ಕೊಂಡು ತಲೆಯ ಮೇಲೊಂದು ಕ್ಯಾರಿಯರ್ ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಇದು ಕೇಳಲು ಜಾಣತನ, ಆದರೆ ಗಾಳಿ ಒಪ್ಪುವುದಿಲ್ಲ. ಚಾವಣಿಯ ಮೇಲೆ ದೊಡ್ಡ ಪೆಟ್ಟಿಗೆ ಕಟ್ಟಿದರೆ ಮೈಲೇಜು ಊರೊಳಗೆ ಶೇಕಡಾ 2ರಿಂದ 8, ಹೆದ್ದಾರಿಯಲ್ಲಿ 6ರಿಂದ 17, ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ 10ರಿಂದ 25ರವರೆಗೂ ಕುಸಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹಿಂಬದಿಗೆ ಕಟ್ಟುವ ಪೆಟ್ಟಿಗೆಯಿಂದ ಆಗುವ ನಷ್ಟ ಹೆದ್ದಾರಿಯಲ್ಲೂ ಶೇಕಡಾ 5 ದಾಟುವುದಿಲ್ಲ. ಮೇಲಿನ ಲೆಕ್ಕದಲ್ಲಿ ಮೈಲ್ಡ್‌ನಿಂದ ಸ್ಟ್ರಾಂಗ್‌ಗೆ ಹೋದಾಗ ಉಳಿದ ಪೆಟ್ರೋಲು ಶೇಕಡಾ 25ರ ಹತ್ತಿರ. ಹೈಬ್ರಿಡ್‌ಗೆ ಲಾಭ ಕಡಿಮೆಯಿರುವ ಹೆದ್ದಾರಿಯಲ್ಲೇ ಚಾವಣಿಯ ಹೊರೆಗೆ ನಷ್ಟ ಹೆಚ್ಚು. ಹೀಗಾಗಿ ಲಕ್ಷಗಟ್ಟಲೆ ಕೊಟ್ಟು ಕೊಂಡ ಉಳಿತಾಯವನ್ನು ಕ್ಯಾರಿಯರ್ ತಿಂದುಬಿಡಬಲ್ಲದು. ಮೂಲ್ಕಿ, ಸಸಿಹಿತ್ಲು ಕಡಲತೀರಕ್ಕೆ ಸರ್ಫಿಂಗ್ ಹಲಗೆ ಒಯ್ಯುವವರಿಗೆ ಬೇರೆ ದಾರಿಯಿಲ್ಲ, ಆರರಿಂದ ಒಂಬತ್ತು ಅಡಿ ಉದ್ದದ ಹಲಗೆ ಯಾವ ಡಿಕ್ಕಿಗೂ ಬಗ್ಗದು. ಅವರು ಕೂಡ ಕೆಲಸ ಮುಗಿದ ದಿನ ಕ್ಯಾರಿಯರ್ ಬಿಚ್ಚಿಡುವುದು ಲೇಸು. ಸೈಕಲ್ಲಿನ ಮಾತು ಹಾಗಲ್ಲ. ರಸ್ತೆ ಸೈಕಲ್ಲಿನ ಚಕ್ರದ ವ್ಯಾಸ 68 ಸೆಂಟಿಮೀಟರ್ ಆಸುಪಾಸು. ಎರಡೂ ಚಕ್ರ ಕಳಚಿದರೆ, ಮಡಚಿದ ಸೀಟಿನ ಮೇಲೆ ಹಳೆಯ ಕಂಬಳಿ ಹಾಸಿ ಸೈಕಲ್ಲನ್ನು ಒಳಗೇ ಮಲಗಿಸಬಹುದು. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಕಲಿಗಳ ಮನೆಯವರಿಗೆ ಬೇಕಾದದ್ದು ಹಿಂದಿನ ಸೀಟು ಎರಡು ಪಾಲಾಗಿ ಮಡಚುವ, ಬಾಗಿಲು ಅಗಲವಾಗಿ ಮೇಲೇಳುವ ಕಾರು. ಸೆಡಾನಿನ ಡಿಕ್ಕಿಯಲ್ಲಿ ಎಷ್ಟೇ ಲೀಟರ್ ಇರಲಿ, ಅದರ ಬಾಯಿ ಕಿರಿದು.

ಎಲೆಕ್ಟ್ರಿಕ್ ಕಾರು ಇರುವಾಗ ಈ ಅರ್ಧ ದಾರಿಯ ಹೈಬ್ರಿಡ್ ಏಕೆ ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಮನೆಯಲ್ಲಿ ಸ್ವಂತ ಪಾರ್ಕಿಂಗ್ ಇದ್ದು, ರಾತ್ರಿ ಚಾರ್ಜ್ ಮಾಡುವ ಅನುಕೂಲವಿದ್ದು, ವಾರದ ಓಡಾಟ ಊರೊಳಗೇ ಮುಗಿಯುವುದಾದರೆ ಎಲೆಕ್ಟ್ರಿಕ್ ಕಾರೇ ಮೇಲು ಎಂದು ಒಪ್ಪುತ್ತೇನೆ. ಕಿಲೋಮೀಟರಿನ ಖರ್ಚೂ ಕಡಿಮೆ, ನೆಲದಡಿ ಬ್ಯಾಟರಿ ಹಾಸಿದ ಮಾದರಿಗಳಲ್ಲಿ ಡಿಕ್ಕಿಯೂ ಪೂರ್ತಿ ಉಳಿಯುತ್ತದೆ. ಆದರೆ ಆಡುವ ಮಕ್ಕಳ ಮನೆಯ ಓಡಾಟ ಹಾಗೆ ಅಚ್ಚುಕಟ್ಟಾಗಿ ಇರುವುದಿಲ್ಲ. ಶನಿವಾರ ಸಂಜೆ ಪಂದ್ಯದ ಪಟ್ಟಿ ಬರುತ್ತದೆ, ಭಾನುವಾರ ಬೆಳಗಿನ ಜಾವ ಶಿವಮೊಗ್ಗಕ್ಕೋ ರಾಯಚೂರಿಗೋ ಹೊರಡಬೇಕಾಗುತ್ತದೆ, ತಾಲ್ಲೂಕು ಮೈದಾನದ ಪಕ್ಕ ಚಾರ್ಜರ್ ಇರುತ್ತದೆಂಬ ಭರವಸೆಯಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಚಾರ್ಜರ್ ಹಾಕಿಸಲು ಸಂಘದ ಒಪ್ಪಿಗೆಗೆ ಕಾಯುತ್ತಿರುವವರಿಗೂ ಹೈಬ್ರಿಡ್ ಇಂದಿನ ದಿನಕ್ಕೆ ನ್ಯಾಯವಾದ ಆಯ್ಕೆ. ಸಿಎನ್‌ಜಿ ಅಗ್ಗ, ಆದರೆ ಅದರ ಸಿಲಿಂಡರ್ ಸಾಮಾನ್ಯವಾಗಿ ಕೂರುವುದೂ ಡಿಕ್ಕಿಯಲ್ಲೇ. ಟಾಟಾ 2023ರಲ್ಲಿ ಆಲ್ಟ್ರೋಜ್‌ಗೆ ಎರಡು ಸಣ್ಣ ಸಿಲಿಂಡರುಗಳನ್ನು ನೆಲದಡಿ ಮಲಗಿಸಿ 210 ಲೀಟರ್ ಉಳಿಸಿಕೊಟ್ಟಿತು. ಅದು ಒಳ್ಳೆಯ ಯೋಚನೆ, ಆದರೂ ಕ್ರಿಕೆಟ್ ಕಿಟ್ಟಿಗೆ ಇಕ್ಕಟ್ಟು. ಬಹುಪಾಲು ಹೆದ್ದಾರಿಯಲ್ಲೇ ಓಡುವವರಿಗೆ ಡೀಸೆಲ್ ಈಗಲೂ ತಕ್ಕದ್ದು.

ವರ್ಷಕ್ಕೆರಡು ಸಲ ಇಡೀ ತಂಡದ ಸಾಮಾನು ಹೊರಬೇಕಾಗುತ್ತದೆ, ಅದಕ್ಕೇ ಅತಿ ದೊಡ್ಡದೇ ಇರಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಎರಡು ದಿನಕ್ಕೆ ಟೆಂಪೋ ಟ್ರಾವೆಲರ್ ಬಾಡಿಗೆಗೆ ಸಿಗುತ್ತದೆ, ಖರ್ಚು ತಂಡದ ಪೋಷಕರೆಲ್ಲ ಹಂಚಿಕೊಳ್ಳಬಹುದು. ಕಾರನ್ನು ಅಳೆಯಬೇಕಾದದ್ದು ವಾರವಾರವೂ ಬರುವ ಹೊರೆಗೆ. ಒಬ್ಬ ಕ್ರಿಕೆಟ್ ಆಟಗಾರನಿರುವ ನಾಲ್ವರ ಮನೆಗೆ ಹೈರೈಡರ್ ಅಥವಾ ಗ್ರ್ಯಾಂಡ್ ವಿಟಾರಾ ಹೊಂದುತ್ತದೆ, ಒಂದು ಬ್ಯಾಗ್ ಡಿಕ್ಕಿಯಲ್ಲಿ ಹಿಡಿಯುತ್ತದೋ ಇಲ್ಲವೋ ನೋಡಿಕೊಂಡರೆ ಸಾಕು. ಆಟಗಾರರು ಇಬ್ಬರಾಗಿ ಅಜ್ಜಿ ತಾತನೂ ಜೊತೆಗೆ ಹೊರಡುವವರಾದರೆ ಆ ಕಾರಿನಲ್ಲಿ ಒಂದು ಬ್ಯಾಗು ಸೀಟಿಗೆ ಬರುತ್ತದೆ, ಒಬ್ಬಿಬ್ಬರು ಮನೆಯಲ್ಲಿ ಉಳಿಯುತ್ತಾರೆ. ಹೈಕ್ರಾಸ್‌ನ ಬೆಲೆಗೆ ಅರ್ಥ ಬರುವುದು ಅಲ್ಲಿ. ಅದರಲ್ಲೂ ಮೂರನೇ ಸಾಲಿನಲ್ಲಿ ಜನ ಕೂತ ದಿನ ಉಳಿಯುವುದು 300 ಲೀಟರೇ ಎಂಬುದನ್ನು ಮರೆಯಬಾರದು. ಎಂಟು ಜನ ಮತ್ತು ಎಂಟು ಬ್ಯಾಗು ಎರಡನ್ನೂ ಒಯ್ಯುವ ಕಾರು ಇದಲ್ಲ.

ಷೋರೂಮಿಗೆ ಹೋಗುವಾಗ ಬ್ಯಾಗನ್ನು ಒಯ್ಯಿರಿ. ಖಾಲಿ ಬ್ಯಾಗಲ್ಲ, ಪಂದ್ಯದ ದಿನ ಇರುವಷ್ಟೇ ತುಂಬಿದ ಬ್ಯಾಗು. ನೀವು ಕೊಳ್ಳಲಿರುವ ಹೈಬ್ರಿಡ್ ಮಾದರಿಯ ಡಿಕ್ಕಿಯನ್ನೇ ತೆರೆಸಿ, ಪೆಟ್ರೋಲ್ ಮಾದರಿ ತೋರಿಸಿ ಎರಡೂ ಒಂದೇ ಎಂದರೆ ಒಪ್ಪಬೇಡಿ. ಚಕ್ರದ ಗುಮ್ಮಟಗಳ ನಡುವಿನ ಅಗಲವನ್ನು ಟೇಪು ಹಿಡಿದು ಅಳೆಯಿರಿ. ಹಿಂದಿನ ಸೀಟು ಮಡಚಿದಾಗ ನೆಲ ಸಮವಾಗುತ್ತದೋ ಮೆಟ್ಟಿಲಾಗಿ ನಿಲ್ಲುತ್ತದೋ ನೋಡಿ, ಬ್ಯಾಗನ್ನು ಮಗನೋ ಮಗಳೋ ತಾನೇ ಎತ್ತಿ ಇಡುವಷ್ಟು ಡಿಕ್ಕಿಯ ಅಂಚು ತಗ್ಗಿದೆಯೇ ಎಂಬುದನ್ನೂ ನೋಡಿ. ಬ್ಯಾಟರಿ ಬೇಗ ಹಾಳಾದರೆ ಎಂಬ ಭಯ ಹಲವರಿಗಿದೆ. ಈ ಕಾರುಗಳ ಹೈಬ್ರಿಡ್ ಬ್ಯಾಟರಿಗೆ ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ, ಅದನ್ನು ಬರಹದಲ್ಲಿ ಪಡೆದುಕೊಂಡರೆ ಆ ಭಯ ಬೇಡ. ನಿಜವಾಗಿ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಹಲವು ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯನ್ನು ಕಾರಿನ ಒಳಗಿನಿಂದಲೇ, ಸೀಟಿನ ಬದಿಯ ಜಾಲರಿಯೊಂದರಿಂದ ಎಳೆದುಕೊಳ್ಳುತ್ತಾರೆ. ಸೀಟಿನ ಮೇಲೆ ಎಸೆದ ಬ್ಯಾಗು ಅದನ್ನು ಮುಚ್ಚಿದರೆ, ಮೈದಾನದ ಕೆಂಪು ಧೂಳು ಅದರಲ್ಲಿ ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗುತ್ತದೆ. ಆ ಜಾಲರಿ ಎಲ್ಲಿದೆ ಎಂದು ಕಾರು ಮನೆಗೆ ತರುವ ದಿನವೇ ಕೇಳಿ ತಿಳಿದು ಮಕ್ಕಳಿಗೂ ತೋರಿಸಿ, ಪ್ರತಿ ಸರ್ವಿಸಿನಲ್ಲೂ ಅದನ್ನು ಬಿಚ್ಚಿ ಧೂಳು ತೆಗೆಸಿ.